ದಾರಿ ಬಿಟ್ಟುಕೊಟ್ಟ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ಹಿರಿಯರು. ಗುರುದೀಕ್ಷೆ ಪಡೆದ ನಾನು ಇತರರ ಮದುವೆಗಳನ್ನು ಸಾಕಷ್ಟು ಮಾಡಿಸಿದ್ದೇನೆ. ಆದರೆ ಮನೆ ಕಟ್ಟುವ ಕೆಲಸ ನನ್ನ ಪಾಲಿಗೆ ಬರಲಾರದೆಂದು ಐವತ್ತು ವರ್ಷಗಳವರೆಗೂ ನಂಬಿದ್ದೆ. ನಮ್ಮ ಮನೆಗಳನ್ನು ನಮಗಿಂತ ಮೊದಲು ಯಾರೋ ಕಟ್ಟಿರುತ್ತಾರೆ. ಒಂದು ಪೆಟ್ಟಿಗೆ ಬಟ್ಟೆ, ಒಂದಿಷ್ಟು ಪುಸ್ತಕಗಳೊಂದಿಗೆ ನಾವು ಒಳಗೆ ಹೋಗುತ್ತೇವೆ. ವರ್ಗವಾದಾಗ ಅವುಗಳೊಂದಿಗೇ ಹೊರಗೆ ಬರುತ್ತೇವೆ.

2022ರ ಬೇಸಿಗೆಯಲ್ಲಿ ಈ ನಂಬಿಕೆ ಸುಳ್ಳಾಯಿತು. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೆದ್ದಾರಿಯಿಂದ ಒಳಗಿರುವ ಒಂದು ಹಳ್ಳಿಯ ಅಂಚಿನಲ್ಲಿ ನಮಗೆ ಹತ್ತು ಗುಂಟೆ ಜಾಗವಿತ್ತು. ಸುತ್ತಮುತ್ತ ಚದುರಿ ವಾಸಿಸುವ ಕೆಲವು ಕುಟುಂಬಗಳಿಗಾಗಿ ಭಾನುವಾರ ಬಂದು ಬಲಿಪೂಜೆ ಅರ್ಪಿಸಿ ಹೊರಟುಹೋಗುವುದು ನನಗೆ ಸಮಾಧಾನ ತರಲಿಲ್ಲ. ಅಲ್ಲಿಯೇ ಉಳಿಯಲು ಎರಡು ಕೋಣೆಗಳ ಒಂದು ಮನೆ ಕಟ್ಟಲು ಅನುಮತಿ ಕೇಳಿದೆ. ಹಿರಿಯರು ಒಪ್ಪಿದರು.

ನಾನು ಕರಾವಳಿಯವನು. ಕೆಂಪುಕಲ್ಲು, ಹೆಂಚು, ಅಂಗಳಕ್ಕೊಂದು ಆವರಣ ಗೋಡೆ, ಅದಕ್ಕೊಂದು ಗೇಟು: ಇವಿಷ್ಟಿದ್ದರೆ ಮನೆ ಎಂಬುದು ನನ್ನ ಬಾಲ್ಯದ ಕಲ್ಪನೆ. ಆದರೆ ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡ ಮೇಲೆ ಮನಸ್ಸು ಬದಲಾಯಿತು. ದಪ್ಪ ಕಲ್ಲಿನ ಗೋಡೆ, ಮರದ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ, ಉರಿಬಿಸಿಲಿನಲ್ಲೂ ತಣ್ಣಗಿರುವ ಒಳಕೋಣೆ. ಅಂಥದ್ದೇ ಮನೆ ಕಟ್ಟಬೇಕೆಂದು ಗೌಂಡಿಗೆ ಹೇಳಿದೆ. ಅರವತ್ತರ ಆಸುಪಾಸಿನ ಆ ಹಿರಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮನಿ ನಾ ಕಟ್ಟಲ್ಲ ಫಾದರ್ ಸಾಬ್" ಎಂದರು.

ಕಾರಣ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಲಾತೂರು ಸೀಮೆ ನಡುಗಿತ್ತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನ ಸಾವಿರಾರು ಸಂಖ್ಯೆಯಲ್ಲಿ ಮತ್ತೆ ಏಳಲಿಲ್ಲ. ಆಗ ಗುರುಮಠದಲ್ಲಿದ್ದ ನಾನು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಪ್ರಾರ್ಥಿಸಿದ್ದೆ. ಹರೆಯದಲ್ಲಿದ್ದ ಈ ಗೌಂಡಿ ಸಲಿಕೆ ಹಿಡಿದು ಅಲ್ಲಿಗೆ ಹೋಗಿದ್ದರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗಳಿಗೆ ಒಳಮೈ, ಹೊರಮೈ ಎರಡೂ ಬೇರೆ ಬೇರೆ. ನಡುವೆ ಸಣ್ಣ ಕಲ್ಲು, ಮಣ್ಣು. ಎರಡನ್ನೂ ಬಿಗಿಯುವ ಉದ್ದ ಕಲ್ಲುಗಳಿಲ್ಲ. ನೆಲ ನಡುಗಿದಾಗ ಗೋಡೆ ಸೀಳಿತು, ಮಾಳಿಗೆಯ ಮಣ್ಣಿನ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು. "ಭೂಮಿ ಕೊಂದಿಲ್ಲ, ಮನಿ ಕೊಂದದ" ಎಂದು ಅವರು ಹೇಳಿದಾಗ ನನ್ನ ಸೊಗಸಿನ ಆಸೆ ಅಲ್ಲಿಗೇ ಮುಗಿಯಿತು. ಕೊನೆಗೆ ಕಲ್ಲಿನ ಗೋಡೆಯೇ ಎದ್ದಿತು. ಆದರೆ ಗಾರೆ ಸಿಮೆಂಟಿನದಾಯಿತು, ನಡುನಡುವೆ ಗೋಡೆಯ ಆರಪಾರು ಹೋಗುವ ಕಲ್ಲುಗಳು ಕೂತವು, ಬಾಗಿಲುಗಳ ಮೇಲ್ಮಟ್ಟದಲ್ಲಿ ಮನೆಯನ್ನು ಸುತ್ತಿ ಬರುವ ಕಾಂಕ್ರೀಟ್ ಪಟ್ಟಿ ಬಂತು.

ತಳಪಾಯದಲ್ಲಿಯೂ ನಾನು ಪಾಠ ಕಲಿತೆ. ಇಲ್ಲಿನದು ಎರೆಭೂಮಿ. ತೊಗರಿಗೆ, ಜೋಳಕ್ಕೆ, ಸೋಯಾಬೀನಿಗೆ ಅದು ತಾಯಿ. ಗೋಡೆಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೂರಡಿ ಅಗೆದ ಮೇಲೆ ಸಾಕೆಂದು ನಾನು ಹೇಳಿದರೂ ಅವರು ಬಿಡಲಿಲ್ಲ. ಕಪ್ಪು ಮಣ್ಣು ಮುಗಿದು ಗರಸು ಸಿಕ್ಕಿದ್ದು ಐದೂವರೆ ಅಡಿಗೆ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೇನೆ. ಅವನು ಆಳವಾಗಿ ಅಗೆದನೆಂದು ಸಂತ ಲೂಕರು ವಿಶೇಷವಾಗಿ ಹೇಳಿರುವುದು ಅಂದು ಆ ಗುಂಡಿಯ ಅಂಚಿನಲ್ಲಿ ನಿಂತಾಗ ಮಾತ್ರ ನನಗೆ ಅರ್ಥವಾಯಿತು.

ನನ್ನ ನಿಜವಾದ ತಪ್ಪು ಗೋಡೆಯಲ್ಲಿಯೂ ತಳಪಾಯದಲ್ಲಿಯೂ ಇರಲಿಲ್ಲ; ಬೇಲಿಯಲ್ಲಿತ್ತು. ಕೆಲಸ ಮುಗಿಯುತ್ತಿದ್ದಂತೆ ಹತ್ತು ಗುಂಟೆಗೂ ಮುಳ್ಳುತಂತಿ ಬಿಗಿಸಿ ಮುಂದೆ ಗೇಟು ನಿಲ್ಲಿಸಿದೆ. ನವೆಂಬರಿನಲ್ಲಿ ಮನೆಯ ಆಶೀರ್ವಾದ. ಹಳ್ಳಿಯ ಮನೆಮನೆಗೂ ಹೋಗಿ ಕರೆದೆ. ಎಲ್ಲರೂ ನಗುಮುಖದಿಂದಲೇ "ಆಯ್ತು" ಎಂದರು. ನೂರೈವತ್ತು ಮಂದಿಗೆ ಅಡುಗೆ ಮಾಡಿಸಿದ್ದೆ. ನಮ್ಮ ಕುಟುಂಬಗಳು, ಗೌಂಡಿ ಮತ್ತು ಅವರ ಆಳುಗಳನ್ನು ಬಿಟ್ಟರೆ ಊರಿನಿಂದ ಒಬ್ಬರೂ ಬರಲಿಲ್ಲ.

ಅಂದು ರಾತ್ರಿ ನನ್ನ ಮನಸ್ಸಿನಲ್ಲಿ ಕಹಿ ತುಂಬಿತ್ತು. ನಮ್ಮ ಧರ್ಮದ ಕಾರಣಕ್ಕೇ ಅವರು ದೂರ ಉಳಿದರೆಂದು ತೀರ್ಮಾನಿಸಿಬಿಟ್ಟಿದ್ದೆ. ಮರುದಿನ ಗೌಂಡಿಯವರಲ್ಲಿ ಹಾಗೆಂದಾಗ ಅವರು ತಲೆಯಾಡಿಸಿದರು: "ನೀವು ಊರಿಗಿ ಕರದೀರಿ, ಖರೆ. ಆದ್ರ ದಾರಿಗಿ ತಂತಿ ಹಾಕೀರಿ. ಮಂದಿ ಯಾ ದಾರಿಲಿಂದ ಬರಬೇಕು?"

ನಮ್ಮ ಜಾಗದ ಒಂದು ಮೂಲೆಯನ್ನು ಹಾದು, ಹಿಂದಿನ ಹೊಲಗಳಿಗೂ ಬಾವಿಗೂ ಒಂದು ಕಾಲುದಾರಿಯಿತ್ತಂತೆ. ನಕ್ಷೆಯಲ್ಲಿ ಅದು ಇರಲಿಲ್ಲ, ಜನರ ಕಾಲುಗಳಲ್ಲಿತ್ತು. ತಂತಿ ಬಿದ್ದ ದಿನದಿಂದ ಹೆಂಗಸರು ಬುತ್ತಿಗಂಟು ಹೊತ್ತು ಅರ್ಧ ಮೈಲಿ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ನನ್ನ ಕಿಟಕಿಯಿಂದಲೇ ಅವರನ್ನು ದಿನವೂ ಕಂಡಿದ್ದೆ. ಯಾಕೆ ಸುತ್ತುತ್ತಿದ್ದಾರೆಂದು ಕೇಳಿರಲಿಲ್ಲ.

ನಾಚಿಕೆಯಾಯಿತು. ಇದು ಬೇರೆ ಧರ್ಮದವರೊಡನೆ ಬಾಳಿ ತಿಳಿಯದ ಸೀಮೆಯೇ? ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ 19ನೆಯ ಶತಮಾನದ ಮಾಣಿಕಪ್ರಭುಗಳು ಸಕಲ ಮತಗಳನ್ನೂ ಗೌರವಿಸುವ ಪರಂಪರೆಯನ್ನು ಕಟ್ಟಿದರು. ಬಸವಕಲ್ಯಾಣದಲ್ಲಿ ಶರಣರ ಗವಿಗಳೂ ಇವೆ, ದರ್ಗಾವೂ ಇದೆ. ಸಂತೆಗೆ ಹೋದರೆ ಕನ್ನಡ, ಮರಾಠಿ, ಉರ್ದು ಒಂದೇ ಮಾತಿನೊಳಗೆ ಬೆರೆತು ಬರುತ್ತವೆ. ಈ ಜನರನ್ನು ಸಂಕುಚಿತರೆಂದುಕೊಂಡವನು ನಾನು. ತಂತಿ ಬಿಗಿದವನೂ ನಾನೇ.

ಸಂಜೆ ಆ ಹೆಂಗಸರಲ್ಲಿ ಹಿರಿಯಳಾದ ಆಯಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಎಷ್ಟೋ ವರ್ಷ ಇತರರ ತಪ್ಪೊಪ್ಪಿಗೆ ಕೇಳಿದವನಿಗೆ ಆ ನಾಲ್ಕು ಮಾತು ಆಡುವುದು ಕಷ್ಟವಾಯಿತು. ಆಕೆ ಚಹಾ ಕೊಟ್ಟು, "ನೀವು ಹೊಸಬರು, ನಿಮಗ ಯಾನ್ ಗೊತ್ತು? ಕುಡೀರಿ, ಆರ್ತದ" ಎಂದಳು. ಮರುದಿನ ತಂತಿಯನ್ನು ಮೂಲೆಯಿಂದ ಒಳಕ್ಕೆ ಸರಿಸಿದೆವು. ಒಂದೂವರೆ ಗುಂಟೆ ಹೋಯಿತು. ಗೇಟಿಗೆಂದು ಇಟ್ಟಿದ್ದ ಉಳಿದ ಹಣದಲ್ಲಿ ದಾರಿಯ ಬದಿಗೆ ಶಹಾಬಾದಿನ ಹಾಸುಗಲ್ಲಿನ ಒಂದು ಕಟ್ಟೆ ಕಟ್ಟಿಸಿದೆ.

ಮೊದಲ ಕೆಲವು ದಿನ ಕಟ್ಟೆಯ ಮೇಲೆ ನಾನೊಬ್ಬನೇ ಕೂತೆ. ಆಮೇಲೆ ಬಾವಿಯಿಂದ ಬರುವ ಹೆಂಗಸರು ಕೊಡ ಇಳಿಸಿ ದಣಿವಾರಿಸಿಕೊಳ್ಳತೊಡಗಿದರು. ಆ ವರ್ಷ ಎಳ್ಳಮಾವಾಸ್ಯೆ ಕ್ರಿಸ್ತಜಯಂತಿಗೆ ಎರಡೇ ದಿನ ಮೊದಲು ಬಂದಿತ್ತು. ಹೊಲಕ್ಕೆ ಚರಗ ಚೆಲ್ಲಲು ಹೋದ ಆಯಿ ಮಧ್ಯಾಹ್ನ ಮೊಮ್ಮಗನನ್ನು ಕಳಿಸಿ ನನ್ನನ್ನು ಕರೆಸಿದಳು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ತೊಗರಿ ಸಾಲಿನ ನಡುವೆ ಊರಿನವರ ಪಂಕ್ತಿಯಲ್ಲಿ ಕೂತು ಉಂಡೆ. ಕ್ರಿಸ್ತಜಯಂತಿಯ ದಿನ ನಮ್ಮ ಮನೆಯಲ್ಲಿ ಕೇಕು ಸಾಲಲಿಲ್ಲ.

ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ಸುಳ್ಳಾದೀತು. ಒಂದು ಮನೆಯವರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ. ಅವರ ಮಗಳು ತುಂಬಿದ ಬಸುರಿಯಾಗಿ ಬಿಸಿಲಿನಲ್ಲಿ ಆ ಸುತ್ತುದಾರಿ ನಡೆದಿದ್ದಳೆಂದು ನನಗೆ ತಿಳಿದದ್ದು ತಡವಾಗಿ. ಕ್ಷಮೆ ಕೇಳುವುದು ನನ್ನ ಕೈಯಲ್ಲಿದೆ. ಕ್ಷಮಿಸುವ ಹೊತ್ತನ್ನು ಆರಿಸುವುದು ಅವರಿಗೆ ಬಿಟ್ಟದ್ದು. ಅವರು ದಾರಿಯಲ್ಲಿ ಹಾದು ಹೋಗುವಾಗ ನಾನು ಎದ್ದು ನಿಲ್ಲುತ್ತೇನೆ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಇಟ್ಟರು. ಎಂಟುನೂರು ವರ್ಷಗಳ ಹಿಂದೆ ಕಾಯಕದ ಜನ, ಹೆಂಗಸರು, ಗಂಡಸರು ಸರಿಸಮನಾಗಿ ಕೂತು ಮಾತನಾಡಿದ ನೆನಪಿನ ಕಟ್ಟಡ ಅದು. ಅತ್ತ ಹೋದಾಗಲೆಲ್ಲ ನನಗೆ ನನ್ನ ಕಟ್ಟೆಯ ನೆನಪಾಗುತ್ತದೆ. ನನ್ನ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಭಾಗ ಗೋಡೆಗಳಿಂದ ಹೊರಗಿದೆ.

ಇನ್ನೊಂದೆರಡು ವರ್ಷಗಳಲ್ಲಿ ನನಗೆ ವರ್ಗವಾಗಬಹುದು. ಪೆಟ್ಟಿಗೆ, ಪುಸ್ತಕಗಳೊಂದಿಗೆ ಹೊರಡುತ್ತೇನೆ. ಮುಂದೆ ಬರುವ ಗುರುಗಳಿಗಾಗಿ ಮನೆಯ ದಫ್ತರದ ಮೊದಲ ಪುಟದಲ್ಲಿ ಒಂದು ಮಾತು ಬರೆದಿಟ್ಟಿದ್ದೇನೆ: ನಕ್ಷೆಯಲ್ಲಿ ಕಾಣದ ದಾರಿಯೊಂದು ಮೂಲೆಯಲ್ಲಿದೆ, ದಯವಿಟ್ಟು ಮುಚ್ಚಬೇಡಿ.