ಡಿಸ್ಕಿಗೂ ಒಂದು ತವರುಮನೆ

ಮದುವೆಯಾಗಿ ಕುಮಟಾದಿಂದ ಹೊನ್ನಾವರಕ್ಕೆ ಬಂದ ಮರುದಿನ, ಒಳ್ಳೆಯ ಸೊಸೆ ಎನಿಸಿಕೊಳ್ಳುವ ಹುರುಪಿನಲ್ಲಿ ನಾನು ಅತ್ತೆಯವರಿಗಿಂತ ಮೊದಲೇ ಎದ್ದು ಅಡಿಗೆಮನೆ ಹೊಕ್ಕಿದ್ದೆ. ತವರಿನಲ್ಲಿ ಬೆಂಕಿಪೆಟ್ಟಿಗೆ ಒಲೆಯ ಎಡಗಡೆಯ ಗೂಡಿನಲ್ಲಿರುತ್ತಿತ್ತು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಅಲ್ಲಿ ಬರೀ ಗೋಡೆ! ಕತ್ತಲಲ್ಲಿ ತಡಕಾಡಿ, ತಾಮ್ರದ ತಂಬಿಗೆ ಉರುಳಿಸಿ, ಇಡೀ ಮನೆಯನ್ನೇ ಎಬ್ಬಿಸಿದೆ. ಅತ್ತೆಯವರು ಬಂದು ದೀಪ ಹಾಕಿ, "ಇಲ್ಲಿ ಬಲಗಡೆ, ತಂಗಿ" ಎಂದರು, ಅಷ್ಟೇ. ಇಷ್ಟು ವರ್ಷಗಳ ಮೇಲೆ ಆ ಬೆಳಗು ನೆನಪಾದದ್ದು ಒಂದು ಹಾರ್ಡ್ ಡಿಸ್ಕಿನಿಂದ ಎಂದರೆ ನೀವು ನಗುತ್ತೀರೋ ಏನೋ.

2004ರಲ್ಲಿ ಮಗನ ನೆಪದಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ಬಂತು. ವಿಂಡೋಸ್ ಎಕ್ಸ್‌ಪಿ, 40 ಜಿಬಿ ಡಿಸ್ಕು. ಅವನು ಆಟಕ್ಕೆ ಕೂತರೆ, ಅವನು ಮಲಗಿದ ಮೇಲೆ ನಾನು ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಒತ್ತುತ್ತಿದ್ದೆ. 2006ರ ಮೇ ರಜೆಯಲ್ಲಿ ನನ್ನ ಆಯಿ ಬಂದು ಒಂದು ತಿಂಗಳು ಇದ್ದಳು. ಆಗ ಅವಳಿಂದ ಮದುವೆಯ ಹಾಡುಗಳನ್ನೆಲ್ಲ ಹೇಳಿಸಿ ಬರೆದುಕೊಂಡೆ. ಅರಿಶಿನ ಎಣ್ಣೆ ಹಚ್ಚುವಾಗಿನದು, ಹಸೆಗೆ ಕರೆಯುವುದು, ಆರತಿಯದು, ಬೀಗಿತ್ತಿಯನ್ನು ಹಾಸ್ಯ ಮಾಡುವುದು, ಎಲ್ಲ ಸೇರಿ ಅರವತ್ತಮೂರು. ಹಲಸಿನ ಹಪ್ಪಳ ಲಟ್ಟಿಸುತ್ತ ಆಯಿ ಹೇಳುವಳು, ನಾನು ಒತ್ತುವೆ. ನಡುವೆ ಅವಳದು ಒಂದೇ ತಕರಾರು: "ಹಾಡು ಬರ್ದಿಡೂದಲ್ಲ ತಂಗಿ, ಹೇಳೂದು."

2011ರಲ್ಲಿ ಆಯಿ ಹೋದಳು. ಪ್ರಿಂಟು ತೆಗೆಯಬೇಕು, ತೆಗೆಯಬೇಕು ಎಂದುಕೊಳ್ಳುತ್ತಲೇ ನಾನು ಕಾಲ ಕಳೆದೆ. 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನವರು ಎಕ್ಸ್‌ಪಿಯ ಉಸ್ತುವಾರಿ ನಿಲ್ಲಿಸಿದರು. ಮಗ ಲ್ಯಾಪ್‌ಟಾಪ್ ತಂದ. ಹಳೆಯ ಪೆಟ್ಟಿಗೆ ನನ್ನ ಹಳೆಯ ಸೀರೆಯೊಂದನ್ನು ಹೊದ್ದು ಮೂಲೆ ಸೇರಿತು.

ಹೋದ ವರ್ಷ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. "ಆಯಿಯ ಹಾಡುಗಳು ನಿನ್ನ ಹತ್ತಿರವೇ ಉಂಟಲ್ಲ, ತಕೊಂಡು ಬಾ" ಎಂದು ಅಣ್ಣನ ಫೋನು. ಸೀರೆ ಸರಿಸಿ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಮುಚ್ಚಳ ತೆಗೆದು ನೋಡಿದರೆ, ಮದರ್‌ಬೋರ್ಡಿನ ಮೇಲೆ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳ ಚಪ್ಪಟೆ ನೆತ್ತಿ ಪೂರಿಯಂತೆ ಉಬ್ಬಿ, ಕೆಲವುಗಳ ತಲೆಯಲ್ಲಿ ಕಂದು ಕಲೆ. ಆ ಕಾಲದ ಎಷ್ಟೋ ಬೋರ್ಡುಗಳ ಕಥೆ ಹೀಗೆಯೇ ಮುಗಿದಿದೆಯಂತೆ.

ಕುಮಟಾದ ತವರಿನಲ್ಲಿ 2007ರ ಇನ್ನೊಂದು ಕಂಪ್ಯೂಟರ್ ಇತ್ತು. ಅದರ ಬೋರ್ಡು ಗಟ್ಟಿ, ಡಿಸ್ಕು ಸತ್ತಿತ್ತು. ಒಂದು ಕಡೆ ಮುಚ್ಚಳವಿಲ್ಲದ ಡಬ್ಬಿ, ಇನ್ನೊಂದು ಕಡೆ ಡಬ್ಬಿಯಿಲ್ಲದ ಮುಚ್ಚಳ! ಎರಡನ್ನೂ ಕೂಡಿಸಿದರಾಯಿತು ಎಂದುಕೊಂಡು ನಾಲ್ಕು ಸ್ಕ್ರೂ ಬಿಚ್ಚಿ, ಡಿಸ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಹತ್ತಿಯ ಪಂಚೆ ತುರುಕಿ ಬಸ್ಸು ಹತ್ತಿದೆ. ಹೊನ್ನಾವರದಿಂದ ಕುಮಟಾಕ್ಕೆ ಸುಮಾರು 20 ಕಿಲೋಮೀಟರು. ಹೊಂಡ ಬಂದಾಗಲೆಲ್ಲ ಪೆಟ್ಟಿಗೆಯನ್ನು ಮಡಿಲಿಂದ ಎತ್ತಿ ಹಿಡಿಯುತ್ತಿದ್ದೆ. ಪಕ್ಕದ ಹೆಂಗಸು, "ಮೊಟ್ಟೆಯಾ?" ಎಂದು ಕೇಳಿಯೇಬಿಟ್ಟಳು.

ಅತ್ತಿಗೆಯ ತಮ್ಮನ ಮಗ ಡಿಪ್ಲೊಮಾ ಓದುವವನು. ಡಿಸ್ಕನ್ನು ಅವನೇ ಜೋಡಿಸಿದ. ಗುಂಡಿ ಒತ್ತಿದರೆ, ಡಿಸ್ಕು ಸಿಗಲಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಬಂದು ನಿಂತಿತು. ನನಗೆ ಎದೆ ಧಸಕ್ಕೆಂದಿತು. ಹುಡುಗ ಹೆದರಲಿಲ್ಲ. ಗುಂಡಿ ಒತ್ತಿದಾಗ ಮೊದಲು ಏಳುವುದು ಬೋರ್ಡಿನ ಮೇಲಿರುವ ಬಯಾಸ್ ಎಂಬ ಕಾವಲುಗಾರನಂತೆ. ಅವನು ಮನೆಯನ್ನೆಲ್ಲ ಒಮ್ಮೆ ನೋಡಿ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿಂದ ಮುಂದಿನ ಕೆಲಸ ಒಪ್ಪಿಸಿ ಸರಿಯುತ್ತಾನೆ. ಇಲ್ಲಿ ಅವನಿಗೆ ಡಿಸ್ಕೇ ಕಂಡಿರಲಿಲ್ಲ. ಏಕೆಂದರೆ ಹಳೆಯ ಬಗೆಯ ಚಪ್ಪಟೆ ಕೇಬಲ್ಲಿಗೆ ಎರಡು ಸಾಧನ ಸಿಕ್ಕಿಸಬಹುದಾದರೂ, ಒಂದು ಮಾಸ್ಟರ್ ಆದರೆ ಇನ್ನೊಂದು ಸ್ಲೇವ್ ಆಗಿರಬೇಕು. ಅದನ್ನು ನಿಶ್ಚಯಿಸುವುದು ಹಿಂಬದಿಯ ಜಂಪರ್ ಎಂಬ ಅಕ್ಕಿಕಾಳಿನಷ್ಟು ಚಿಕ್ಕ ತುಂಡು. ಇಲ್ಲಿ ಸಿ.ಡಿ. ಡ್ರೈವೂ ಮಾಸ್ಟರ್, ನನ್ನ ಡಿಸ್ಕೂ ಮಾಸ್ಟರ್. ಒಂದೇ ಅಡಿಗೆಮನೆಯಲ್ಲಿ ಇಬ್ಬರು ಯಜಮಾನಿಯರಿದ್ದರೆ ಊಟ ಯಾರಿಗೂ ಇಲ್ಲ, ಅಲ್ಲವೆ? ಜಂಪರ್ ಬದಲಿಸಿದ. ಡಿಸ್ಕು ಕಂಡಿತು.

ಎರಡನೆಯ ತೊಡಕು ಮರೆವಿನದು. ಬಯಾಸಿನಲ್ಲಿ ಮೊದಲು ಎಲ್ಲಿ ಹುಡುಕಬೇಕು ಎಂಬ ಸರದಿಯನ್ನು ಸರಿಮಾಡಿಟ್ಟರೂ, ಪ್ಲಗ್ ತೆಗೆದು ಹಾಕಿದ ಕೂಡಲೇ ಎಲ್ಲ ಮರೆತು, ತಾರೀಕು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಓಡುತ್ತಿತ್ತು. ಅದಕ್ಕೆ ಮದ್ದು ಸಿಆರ್2032 ಎಂಬ, ರೂಪಾಯಿ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಪೇಟೆಗೆ ಹೋಗಿ ತಂದು ಹಾಕಿದೆವು.

ಇಷ್ಟಾದ ಮೇಲೆ ಎಕ್ಸ್‌ಪಿಯ ಪರಿಚಿತ ಚಿತ್ರ ಮೂಡಿತು. "ಬಂತು!" ಎಂದು ಅತ್ತಿಗೆ ಚಪ್ಪಾಳೆ ತಟ್ಟಿದಳು. ಮರುಕ್ಷಣ ನೀಲಿ ಪರದೆ ಮಿಂಚಿ ಕಂಪ್ಯೂಟರ್ ಮತ್ತೆ ಮೊದಲಿಂದ ಶುರು. ಎಷ್ಟು ಸಲ ಮಾಡಿದರೂ ಅದೇ ಹಾಡು. ಎಫ್8 ಒತ್ತಿ, ತಾನಾಗಿ ಮರುಪ್ರಾರಂಭವಾಗುವುದನ್ನು ತಡೆದಾಗ ನೀಲಿ ಪರದೆ ನಿಂತಿತು. ಅದರಲ್ಲಿ ಒಂದು ಉದ್ದ ಸಂಖ್ಯೆ, ಕೊನೆಗೆ 7ಬಿ. ಸೇಫ್ ಮೋಡ್ ಕೂಡ ಕೈಕೊಟ್ಟಿತು. ಹುಡುಗ ತಲೆ ಕೆರೆದುಕೊಂಡು, "ಅತ್ತೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡುವಾ. ಕಂಪ್ಯೂಟರ್ ಫಸ್ಟ್ ಕ್ಲಾಸ್ ಆಗ್ತದೆ" ಎಂದ.

"ಫಾರ್ಮ್ಯಾಟ್ ಮಾಡಿದರೆ ಆಯಿಯ ಹಾಡು?"

"ಅದು... ಹೋಗ್ತದೆ."

ನಾನು ಮಾತಾಡದೆ ಡಿಸ್ಕು ಬಿಚ್ಚಿಸಿ, ಪಂಚೆಯಲ್ಲಿ ಸುತ್ತಿ, ಹೊನ್ನಾವರದ ಬಸ್ಸು ಹಿಡಿದೆ. ನಮಗೆ ಬೇಕಿದ್ದದ್ದು ಹಾಡು; ಸರಿಮಾಡಲು ಹೊರಟದ್ದು ಪೆಟ್ಟಿಗೆಯನ್ನು. ಈ ಭೇದ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನನ್ನ ಶಾಲೆ ಇರುವುದು ಭಟ್ಕಳದಲ್ಲಿ. ದಿನಾ ಶರಾವತಿ ಸೇತುವೆ ದಾಟಿ ಸುಮಾರು 40 ಕಿಲೋಮೀಟರು ಹೋಗಿಬರುವವಳು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪುಟ್ಟ ರಿಪೇರಿ ಅಂಗಡಿ ಇದೆ. ಕೆಲವು ವರ್ಷ ದುಬೈಯಲ್ಲಿದ್ದು ಬಂದವನು. ಮನೆಮಾತು ನವಾಯತಿ. ಎಂಟನೆಯ ತರಗತಿಯಲ್ಲಿ ಕನ್ನಡದ ಒತ್ತಕ್ಷರ ಕಂಡರೆ ಬೆವರುತ್ತಿದ್ದ. ನಾನೂ ಅವನ ಕಾಪಿಯನ್ನು ಕೆಂಪು ಶಾಯಿಯಲ್ಲಿ ಮೀಯಿಸಿದ್ದೆ. ಶಾಲೆ ಬಿಟ್ಟ ಮೇಲೆ ಊಟದ ಡಬ್ಬಿಯ ಚೀಲದಿಂದ ಡಿಸ್ಕು ತೆಗೆದು ಅವನ ಮುಂದಿಟ್ಟೆ.

ಎಲ್ಲ ಕೇಳಿದ. ಮೊದಲು ಡಿಸ್ಕಿಗೆ ವಿದ್ಯುತ್ತು ಕೊಟ್ಟು ಕಿವಿಗೊಟ್ಟ. "ಟಕ್ ಟಕ್ ಎನ್ನುವುದಿಲ್ಲ. ಒಳ್ಳೆಯದು. ಹಾಗೆ ಸದ್ದು ಮಾಡಿದ್ದರೆ ಮತ್ತೆ ಮತ್ತೆ ಚಾಲೂ ಮಾಡಲೇಬಾರದಿತ್ತು. ಅಕ್ಕೋರೆ, ನಿಮ್ಮ ಡಿಸ್ಕಿಗೆ ಏನೂ ಆಗಲಿಲ್ಲ."

"ಮತ್ತೆ ಆ ನೀಲಿ ಪರದೆ?"

"ಎಕ್ಸ್‌ಪಿಯನ್ನು ಹಾಕಿದ ದಿನವೇ ಅದು ಆ ಬೋರ್ಡಿನ ವ್ಯವಸ್ಥೆ ನೋಡಿ ಡಿಸ್ಕಿನ ಜೊತೆ ಮಾತಾಡುವ ಡ್ರೈವರ್ ಇಟ್ಟುಕೊಳ್ಳುತ್ತದೆ. ಬೇರೆ ಬೋರ್ಡಿಗೆ ಹಾಕಿದರೆ ಹಳೆಯ ದಾರಿಯಲ್ಲೇ ಡಿಸ್ಕು ಹುಡುಕುತ್ತದೆ. ತಾನು ಕೂತ ಡಿಸ್ಕೇ ತನಗೆ ಸಿಗುವುದಿಲ್ಲ. 7ಬಿ ಎಂದರೆ ಅದೇ. ಈಚಿನ ವಿಂಡೋಸ್ 10ರಂಥವು ಬಹುಮಟ್ಟಿಗೆ ತಾವೇ ಹೊಂದಿಕೊಳ್ಳುತ್ತವೆ."

ನನಗೆ ಥಟ್ಟನೆ ಬೆಂಕಿಪೆಟ್ಟಿಗೆ ನೆನಪಾಯಿತು. ಒಲೆಯಿದೆ, ಕಟ್ಟಿಗೆಯಿದೆ, ಕೈಯೂ ಗಟ್ಟಿಯಿದೆ. ಆದರೆ ಆ ಕೈ ತಡಕಾಡುವುದು ತವರಿನ ಗೂಡನ್ನು!

"ಸಿ.ಡಿ.ಯಿಂದ ವಿಂಡೋಸನ್ನು ರಿಪೇರಿ ಮಾಡುವ ದಾರಿಯೂ ಉಂಟು" ಎಂದ ಅವನು. "ಆದರೆ ಮೊದಲು ಸಾಮಾನು ಇಳಿಸಿಕೊಳ್ಳುವಾ, ಮನೆ ರಿಪೇರಿ ಆಮೇಲೆ. ಈ ಡಿಸ್ಕಿನಿಂದ ಬೂಟ್ ಮಾಡುವುದೇ ಬೇಡ." ಡಿಸ್ಕನ್ನು ಒಂದು ಅಡಾಪ್ಟರಿಗೆ ಸಿಕ್ಕಿಸಿ, ಯುಎಸ್‌ಬಿ ತಂತಿಯಿಂದ ತನ್ನ ಕಂಪ್ಯೂಟರಿಗೆ ಜೋಡಿಸಿದ. ಮನೆಗೆ ಬಂದ ಮೊದಲ ದಿನವೇ ಸಂಸಾರ ನಡೆಸು ಎನ್ನದೆ, ನೆಂಟಳಂತೆ ಜಗುಲಿಯ ಮೇಲೆ ಕೂರಿಸಿದ ಹಾಗೆ. ಎರಡು ನಿಮಿಷದಲ್ಲಿ ನನ್ನ ಫೋಲ್ಡರುಗಳೆಲ್ಲ ಸಾಲಾಗಿ ಕಂಡವು. ಒಂದು ಕಡೆ ಅನುಮತಿ ಇಲ್ಲವೆಂದಿತು, ಅದನ್ನೂ ಪಡೆದುಕೊಂಡ. "ಆಯಿ ಹಾಡು" ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟ ಕಡತ ತೆರೆದ.

ಕಂಡದ್ದು ಕನ್ನಡವಲ್ಲ. ಕೊಂಬು, ಬಾಲ, ಟೋಪಿ ತೊಟ್ಟ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನನ್ನ ಕಣ್ಣು ತುಂಬಿತು. ಹುಡುಗ ತಿರುಗಿ ನೋಡಿ ಮೆತ್ತಗೆ, "ಅಕ್ಕೋರೆ, ಇದು ನುಡಿ. ಆಗಿನ ನುಡಿಯಲ್ಲಿ ಅಕ್ಷರದ ರೂಪ ಇರುವುದು ಫಾಂಟಿನಲ್ಲಿ. ಆ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುವುದು" ಎಂದ. ಕನ್ನಡ ಗಣಕ ಪರಿಷತ್ತಿನ ಆ ನುಡಿ ಫಾಂಟನ್ನು ತಂದು ಹಾಕಿದ. ಒಂದೇ ಕ್ಷಣ. ಪುಟದ ತುಂಬ ಕನ್ನಡ, ಒತ್ತಕ್ಷರ ಸಮೇತ!

"ಈಗ ಎಲ್ಲ ಒತ್ತೂ ಸರಿ ಉಂಟಾ ನೋಡಿ, ಅಕ್ಕೋರೆ" ಎಂದು ನಕ್ಕ. ನಾನೂ ಕಣ್ಣೊರೆಸಿಕೊಂಡು ನಕ್ಕೆ. ಕೆಂಪು ಶಾಯಿಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಅದನ್ನು ಯೂನಿಕೋಡಿಗೆ ಬದಲಿಸಿಕೊಟ್ಟ. ಮುಂದೆ ಯಾವ ಫೋನಿನಲ್ಲೂ ಓದಬಹುದು. ಈಗ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಮಗನಲ್ಲಿ, ಒಂದು ಕಾಗದದ ಮೇಲೆ ಬೈಂಡಾಗಿ ಕುಮಟಾದಲ್ಲಿ ಇದೆ. ನಿಮ್ಮ ಮನೆಯ ಮೂಲೆಯಲ್ಲೂ ಸೀರೆ ಹೊದ್ದು ಕೂತ ಪೆಟ್ಟಿಗೆಯಿದ್ದರೆ, ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಡಿಸ್ಕು ತೆಗೆಸಿ ನೋಡಿ. ಏಳಲಿಲ್ಲ ಎಂದ ಮಾತ್ರಕ್ಕೆ ಎಲ್ಲ ಅಳಿಸಿತು ಎಂದಲ್ಲ.

ಮದುವೆಯ ಹಿಂದಿನ ದಿನ ಹೆಂಗಸರೆಲ್ಲ ಕಾಗದ ಹಿಡಿದು ಕೂತೆವು. ಮೊದಲ ಸಾಲಿಗೇ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಮಾತುಗಳಿವೆ, ರಾಗ ಎಲ್ಲಿ? ಅದನ್ನು ನಾನು ಯಾವ ಡಿಸ್ಕಿನಲ್ಲೂ ಇಟ್ಟಿರಲಿಲ್ಲ. ಕೊನೆಗೆ ಗೋಡೆಗೊರಗಿ ಕೂತಿದ್ದ ದೊಡ್ಡಮ್ಮ ಕಣ್ಣು ಮುಚ್ಚಿ ಸಣ್ಣಗೆ ಎತ್ತಿಕೊಂಡಳು. ನಾವು ಹಿಂದಿನಿಂದ ಹೇಳಿದೆವು. ಆಯಿಯ ತಕರಾರು ಏನೆಂದು ನನಗೆ ಅರ್ಥವಾದದ್ದು ಆವತ್ತು. ಈಗ ದಿನಾ ಭಟ್ಕಳದ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತು, ಒಂದೊಂದೇ ಹಾಡು ಹೇಳಿಕೊಳ್ಳುತ್ತೇನೆ.