ಬಿಸಿಲುನಾಡಿನ ಬ್ಯಾಟರಿ ಬಂಡಿಗಳು

ರಾಯಚೂರಿನ ಕೋಟೆಯನ್ನು ನೋಡಲು ಹೋದವರು ಅದರ ಗೋಡೆಯಲ್ಲಿ ಕೂಡಿಸಿರುವ 41 ಅಡಿ ಉದ್ದದ ಕಲ್ಲನ್ನು ನೋಡದೆ ಹಿಂದಿರುಗುವುದಿಲ್ಲ. 1294ರಲ್ಲಿ ಕೋಟೆಯನ್ನು ಕಟ್ಟಿದ ಸಂಗತಿಯನ್ನು ಸಾರುವ ಶಾಸನವು ಅದರ ಮೇಲಿದೆ. ಅದರ ಜೊತೆಗೆ ಒಂದು ಚಿತ್ರವೂ ಉಂಟು. ಗಟ್ಟಿಗಾಲಿಗಳ ಬಂಡಿಯ ಮೇಲೆ ಆ ಭಾರಿ ಕಲ್ಲನ್ನು ಏರಿಸಿ, ಕೋಣಗಳ ಉದ್ದನೆಯ ಸಾಲನ್ನು ಹೂಡಿ, ಆಳುಗಳು ಹುರಿದುಂಬಿಸುತ್ತ ಬಂಡಿಯನ್ನು ಸಾಗಿಸುತ್ತಿರುವ ದೃಶ್ಯವದು. ಎಳೆಯುವ ಪ್ರಾಣಿಗೆ ಹೊತ್ತುಹೊತ್ತಿಗೆ ಮೇವು ನೀರು ಕೊಡದಿದ್ದರೆ ಬಂಡಿಯು ಮುಂದೆ ಸಾಗದೆಂಬುದನ್ನು ಅಂದಿನ ಬಂಡಿಕಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಇದೇ ಊರಿನ ಬೀದಿಗಳಲ್ಲಿ ಸದ್ದಿಲ್ಲದೆ, ಹೊಗೆಯಿಲ್ಲದೆ ಸರಿದು ಹೋಗುವ ಬ್ಯಾಟರಿ ಆಟೋಗಳಿವೆ. ಹಂಪಿಗೆ ಹೋದ ಓದುಗರು ಇವುಗಳ ದಾಯಾದಿಗಳನ್ನು ಕಂಡಿರಬಹುದು. ವಿಜಯವಿಠ್ಠಲ ದೇವಾಲಯದ ಬಳಿಗೆ ಹೊಗೆಕಾರುವ ವಾಹನಗಳು ಹೋಗದಂತೆ ಮಾಡಿ, ಪ್ರವಾಸಿಗರನ್ನು ತೆರೆದ ಬ್ಯಾಟರಿ ಬಂಡಿಗಳಲ್ಲಿ ಕರೆದೊಯ್ಯುವ ಏರ್ಪಾಡು ಅಲ್ಲಿ ನಡೆದುಬಂದಿದೆ. ಆ ಬಂಡಿಗಳನ್ನು ಹೆಣ್ಣುಮಕ್ಕಳು ನಡೆಸುವುದನ್ನು ಕಂಡು ಎಷ್ಟೋ ಜನ ಮೆಚ್ಚಿದ್ದಾರೆ. ವಿದೇಶಗಳಲ್ಲಿ ಗಾಲ್ಫ್ ಆಟದ ಬಯಲುಗಳಲ್ಲಿ ಓಡಾಡುವ ಬಂಡಿಯೂ ಇದೇ ಜಾತಿಯದು. ಬಂಡಿ ಯಾವುದಾದರೇನು, ಅದರ ಮೇವು ವಿದ್ಯುತ್ತು. ಮೇವುಣಿಸುವ ಸಾಧನವೇ ಚಾರ್ಜರು.

ವಿದ್ಯುತ್ತಿನ ಮಾತಿಗೆ ರಾಯಚೂರಿಗಿಂತ ತಕ್ಕ ಊರು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ತೆಗೆಯಲಾಗುತ್ತಿದೆ. ಎಂಟು ಘಟಕಗಳು ಪೂರ್ಣವಾದಾಗ ಅದರ ಸಾಮರ್ಥ್ಯ 1720 ಮೆಗಾವಾಟಿಗೆ ಏರಿತು. ಊರಿಗೆ ಇನ್ನೂ ಸಮೀಪದ ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳು ಎದ್ದಿವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗವು ಕೂಡಿಕೊಂಡಾಗ, ಅದುವರೆಗೆ ತನ್ನದೇ ತಾಳದಲ್ಲಿ ಮಿಡಿಯುತ್ತಿದ್ದ ದಕ್ಷಿಣದ ವಿದ್ಯುಜ್ಜಾಲವು ಇಡೀ ದೇಶದ ಜಾಲದೊಡನೆ ಒಂದೇ ಲಯದಲ್ಲಿ ಸೇರಿತು. ಇಷ್ಟು ದೊಡ್ಡ ಶಕ್ತಿಯು ಬಡವನೊಬ್ಬನ ಆಟೋದೊಳಗೆ ಇಳಿಯಬೇಕಾದರೆ ಮಾತ್ರ, ಗೋಡೆಗೆ ಒರಗಿಸಿಟ್ಟ ಒಂದು ತಗಡಿನ ಪೆಟ್ಟಿಗೆಯ ಮೂಲಕವೇ ಇಳಿಯಬೇಕು.

ಆ ಪೆಟ್ಟಿಗೆಯ ಕೆಲಸ ಎರಡು ಬಗೆಯದು. ಮನೆಯ 230 ವೋಲ್ಟನ್ನು ಬ್ಯಾಟರಿಗೆ ಒಗ್ಗುವಷ್ಟಕ್ಕೆ ತಗ್ಗಿಸುವುದು ಒಂದು. ಹಿಂದುಮುಂದು ಓಲಾಡುವ ಪ್ರವಾಹವನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವುದು ಇನ್ನೊಂದು. ಬ್ಯಾಟರಿಯೊಳಗೆ ಸೀಸದ ಹಲಗೆಗಳೂ ನೀರು ಬೆರೆತ ಗಂಧಕಾಮ್ಲವೂ ಇರುತ್ತವೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ತೋರಿಸಿಕೊಟ್ಟ ವಿದ್ಯೆ ಇದು. ಒಂದೊಂದು ಕೋಶಕ್ಕೆ ಎರಡು ವೋಲ್ಟಿಗೆ ತುಸು ಮೇಲು. ಆರು ಕೋಶ ಸೇರಿದರೆ 12 ವೋಲ್ಟಿನ ಬ್ಯಾಟರಿ. ಅಂಥ ನಾಲ್ಕನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟಿನ ಬಂಡಿ.

ನಗರದ ಬ್ಯಾಟರಿ ಅಂಗಡಿಯೊಂದರ ಮುಂದೆ ನಾನು ನಿಂತಿದ್ದಾಗ ತರುಣ ಚಾಲಕನೊಬ್ಬನು ತನ್ನ ಆಟೋವನ್ನು ನೂಕಿಕೊಂಡು ಬಂದನು.

"ಚಾಚಾ, ರಾತ್ರಿ ಪೂರಾ ಚಾರ್ಜಿಗೆ ಹಾಕೀನಿ. ಮುಂಜಾನೆ ಎರಡು ಟ್ರಿಪ್ಪಿಗೇ ಗಾಡಿ ನಿಂತದ. ಚಾರ್ಜರ್ ಹೋಗ್ಯದೇನು ನೋಡ್ರಿ."

ಮುದುಕ ಮೇಸ್ತ್ರಿಯು ಚಾರ್ಜರಿನ ಗೊಡವೆಗೇ ಹೋಗಲಿಲ್ಲ. ಮೀಟರಿನ ಕಡ್ಡಿಗಳನ್ನು ಒಟ್ಟು ಸಾಲಿಗೆ ಮುಟ್ಟಿಸಿದನು, 48.3 ಎಂದು ತೋರಿತು. ತರುಣನ ಮುಖ ಅರಳಿತು. ಆದರೆ ಮೇಸ್ತ್ರಿಯು ಬ್ಯಾಟರಿಗಳನ್ನು ಒಂದೊಂದಾಗಿ ಅಳೆಯತೊಡಗಿದನು. ಮೂರು ಬ್ಯಾಟರಿಗಳು 12.6 ತೋರಿದವು. ನಾಲ್ಕನೆಯದು 10.5.

"ನಾಲ್ಕರಾಗ ಒಂದರ ಮನಿ ಕುಂತದ. ನೀರು ಯಾವುದು ಹಾಕಿದಿ?"

"ಬೋರಿಂದು, ಚಾಚಾ."

"ಬೋರಿನ ನೀರಿಗೆ ಬ್ಯಾಳಿ ಬೇಯಂಗಿಲ್ಲ, ಬ್ಯಾಟ್ರಿ ಬದುಕ್ತದೇನಪಾ?"

ಆ ಲೆಕ್ಕವನ್ನು ಓದುಗರೂ ಮಾಡಿ ನೋಡಬಹುದು. ತುಂಬಿದ ನಾಲ್ಕು ಬ್ಯಾಟರಿಗಳ ಮೊತ್ತ 50.4 ಆಗಬೇಕು. ಒಂದು ಕೋಶವು ಸತ್ತರೆ ಎರಡು ವೋಲ್ಟು ಕಳೆದು 48.3 ಉಳಿಯುತ್ತದೆ, ಬಂಡಿಯ ಮೇಲೆ ಬರೆದಿರುವ 48ನ್ನು ಕಂಡು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದುದರಿಂದ ಚಾರ್ಜರನ್ನು ದೂರುವ ಮೊದಲು, ಬಂಡಿಯನ್ನು ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ, ಪ್ರತಿಯೊಂದು ಬ್ಯಾಟರಿಯನ್ನೂ ಬೇರೆಬೇರೆಯಾಗಿ ಅಳೆಯಬೇಕು. ನೀರಿನ ಮಾತೂ ಅಷ್ಟೇ ದೊಡ್ಡದು. ಸವಳು ನೀರಿನ ಲವಣಗಳು ಹಲಗೆಗಳನ್ನು ಕೆಡಿಸುತ್ತವೆ. ಭಟ್ಟಿಯಿಳಿಸಿದ ನೀರನ್ನಲ್ಲದೆ ಬೇರೇನನ್ನೂ ಹಾಕಲಾಗದು. ಅದನ್ನು ಚಾರ್ಜು ಮುಗಿದ ಮೇಲೆ ತುಂಬಬೇಕು. ಮೊದಲೇ ತುಂಬಿದರೆ, ಚಾರ್ಜಾಗುವಾಗ ದ್ರವವು ಉಬ್ಬಿ ಹೊರಚೆಲ್ಲುತ್ತದೆ. ಹಲಗೆಗಳು ದ್ರವದಿಂದ ಹೊರಗೆ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟನ್ನು ಮೊದಲು ಹಾಕಿಕೊಳ್ಳಬಹುದು.

ರಾಯಚೂರಿನಿಂದ ಸಿಂಧನೂರಿನ ಹಾದಿ ಹಿಡಿದು, ಕಲ್ಲೂರನ್ನು ದಾಟಿದರೆ ಮಾನ್ವಿ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ನೆಲೆಸಿದ್ದ ಊರು. ವಿಜಯದಾಸರ ಚೀಕಲಪರ್ವಿಯು ಇದೇ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿದೆ. ಕಾಲುವೆಯ ನೀರು ಬಂದ ಕಡೆ ಕಣ್ಣು ತಣಿಯುವಷ್ಟು ಬತ್ತದ ಗದ್ದೆ; ಬಾರದ ಕಡೆ ಬಿರಿದ ಎರೆಭೂಮಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಅಳಲನ್ನು ಕೇಳದೆ ಈ ಸೀಮೆಯಲ್ಲಿ ಯಾರೂ ಪ್ರಯಾಣ ಮಾಡಲಾರರು. ಮೇಲುಭಾಗದಲ್ಲಿ ತುಂಬಿ ಹರಿದ ನೀರು ಕೊನೆಯ ತೂಬಿಗೆ ಬರುವಷ್ಟರಲ್ಲಿ ಬತ್ತಿರುತ್ತದೆ.

ತಂತಿಯ ಗತಿಯೂ ಹೀಗೆಯೇ. ಮಾನ್ವಿಯ ಓಣಿಗಳಲ್ಲಿ ಒಳಮನೆಯಿಂದ ಬೀದಿಯವರೆಗೆ ಸಪೂರ ತಂತಿಯನ್ನು ಎಳೆದು ಬಂಡಿಗೆ ಜೋಡಿಸಿರುವುದನ್ನು ನಾನು ನೋಡಿದೆ. ತಂತಿ ತೆಳುವಾದಷ್ಟೂ, ಉದ್ದವಾದಷ್ಟೂ ವೋಲ್ಟು ದಾರಿಯಲ್ಲೇ ಸೋರುತ್ತದೆ. ಕಾಲುವೆಯಲ್ಲಿ ಸೋರಿದ ನೀರು ನೆಲವನ್ನಾದರೂ ತೋಯಿಸೀತು. ತಂತಿಯಲ್ಲಿ ಸೋರಿದುದು ಶಾಖವಾಗಿ ತಂತಿಯನ್ನೇ ಸುಡುತ್ತದೆ. ಸುತ್ತಿಟ್ಟ ತಂತಿಯಾದರೆ ಇನ್ನೂ ಬೇಗ ಕಾಯುತ್ತದೆ. ಗಿಡ್ಡನೆಯ ದಪ್ಪ ತಂತಿ, 16 ಆಂಪಿಯರಿನ ಸಾಕೆಟ್ಟು, ನೆಲಕ್ಕೆ ಸರಿಯಾಗಿ ಇಳಿದ ಅರ್ಥಿಂಗ್, ಇವು ಮೂರೂ ಇರಲೇಬೇಕು.

ಚಾರ್ಜರು ಹಟ ಹಿಡಿದಾಗ ಒಂದು ಕ್ರಮದಿಂದ ವಿಚಾರಿಸುವುದು ಲೇಸು. ದೀಪವೂ ಇಲ್ಲ, ಗುಂಯ್‌ಗುಟ್ಟುವ ಸದ್ದೂ ಇಲ್ಲವಾದರೆ, ಅದೇ ಸಾಕೆಟ್ಟಿಗೆ ಬೇರೊಂದು ದೀಪವನ್ನು ಹಾಕಿ ಕರೆಂಟು ಇದೆಯೇ ಎಂದು ತಿಳಿಯಬೇಕು. ಬಳಿಕ ಪ್ಲಗ್ಗನ್ನು ತೆಗೆದು ಫ್ಯೂಸನ್ನು ನೋಡಬೇಕು. ದೀಪವಿದ್ದೂ ಚಾರ್ಜು ಏರದಿದ್ದರೆ, ಬ್ಯಾಟರಿಯ ತುದಿಗಳಲ್ಲಿ ಬೂದಿಬಣ್ಣದ ಕಿಲುಬು ಕಟ್ಟಿದೆಯೇ, ಬಿಗಿ ಸಡಿಲಾಗಿದೆಯೇ ನೋಡಬೇಕು. ಕಿಲುಬನ್ನು ಅಡಿಗೆಸೋಡ ಬೆರೆಸಿದ ನೀರಿನಿಂದ ಉಜ್ಜಿ ತೆಗೆಯಬಹುದು. ಆ ನೀರು ಕೋಶದೊಳಗೆ ಇಳಿಯದಂತೆ ಬಿರಡೆಗಳನ್ನು ಮುಚ್ಚಿರಬೇಕು. ಇನ್ನೊಂದು ವಿಚಿತ್ರವುಂಟು. ಬ್ಯಾಟರಿಯು ತೀರ ಬರಿದಾಗಿದ್ದರೆ ಅನೇಕ ಸ್ವಯಂಚಾಲಿತ ಚಾರ್ಜರುಗಳು ಕೆಲಸವನ್ನೇ ಆರಂಭಿಸುವುದಿಲ್ಲ. ಎದುರಿಗೆ ಬ್ಯಾಟರಿಯಿದೆ ಎಂಬುದು ಅವಕ್ಕೆ ಅದರ ವೋಲ್ಟಿನಿಂದಲೇ ತಿಳಿಯಬೇಕಷ್ಟೆ. ಅಂಥ ಬ್ಯಾಟರಿಗಳನ್ನು ಬಲ್ಲವರ ಬಳಿಗೆ ಒಯ್ಯುವುದೇ ಸರಿ. ಕೆಲವೇ ನಿಮಿಷಗಳಲ್ಲಿ ತುಂಬಿತೆಂದು ಚಾರ್ಜರು ನಿಂತರೆ, ಅಥವಾ ರಾತ್ರಿಯಿಡೀ ಓಡಿಯೂ ನಿಲ್ಲದಿದ್ದರೆ, ದೋಷವು ಹೆಚ್ಚಾಗಿ ಬ್ಯಾಟರಿಯದೇ. ಪ್ಲಗ್ಗು ಕಿತ್ತಮಾತ್ರಕ್ಕೆ ಪೆಟ್ಟಿಗೆಯನ್ನು ಬಿಚ್ಚಿ ಕೈಹಾಕಬಾರದು. ಒಳಗಿನ ಕಂಡೆನ್ಸರುಗಳಲ್ಲಿ ಹೊಡೆತ ಕೊಡುವಷ್ಟು ವಿದ್ಯುತ್ತು ಉಳಿದಿರಬಹುದು.

ದೇವದುರ್ಗದ ಹಾದಿ ಬೇರೆ. ರಾಯಚೂರಿನಿಂದ ಹೊರಟು ಗಬ್ಬೂರಿನ ಹಳೆಯ ಗುಡಿಗಳನ್ನೂ ಶಾಸನಗಳನ್ನೂ ನೋಡಿಕೊಂಡು ಮುಂದೆ ಹೋಗಬೇಕು. ಗೋಪಾಲದಾಸರ ಮೊಸರಕಲ್ಲು ಈ ತಾಲ್ಲೂಕಿನದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿ 40 ಡಿಗ್ರಿಯನ್ನು ದಾಟುವ ಬಿಸಿಲು ಮನುಷ್ಯನಿಗಷ್ಟೇ ಅಲ್ಲ, ಬ್ಯಾಟರಿಗೂ ವೈರಿ. ಸೀಸದ ಬ್ಯಾಟರಿಗೆ ಹಿತವಾದುದು 25 ಡಿಗ್ರಿ. ಅದಕ್ಕಿಂತ ಹತ್ತು ಡಿಗ್ರಿ ಏರಿದರೆ ಆಯುಷ್ಯವು ಸುಮಾರಾಗಿ ಅರ್ಧಕ್ಕಿಳಿಯುತ್ತದೆಂದು ತಜ್ಞರ ಲೆಕ್ಕ. ದುಡಿದು ಕಾದುಬಂದ ಬಂಡಿಯನ್ನು ನೆರಳಿನಲ್ಲಿ ಆರಲು ಬಿಟ್ಟು ಅನಂತರ ಚಾರ್ಜಿಗೆ ಹಾಕಬೇಕು.

ದೇವದುರ್ಗದಲ್ಲಿ ಚಾಲಕನೊಬ್ಬನ ಮನೆಯನ್ನು ನೋಡಿದೆ. ಒಂದೇ ಕೋಣೆ. ಹೊರಗೆ ಬಿಟ್ಟರೆ ಬ್ಯಾಟರಿಗಳನ್ನು ಕದ್ದಾರೆಂಬ ಭಯದಿಂದ ಅವನ್ನು ಬಿಚ್ಚಿ ಒಳಗೆ ತಂದು, ಮಕ್ಕಳ ಹಾಸಿಗೆಯಿಂದ ಎರಡು ಮಾರು ದೂರದಲ್ಲಿ ಚಾರ್ಜಿಗೆ ಇಟ್ಟಿದ್ದನು. ಸಾಲ ತಂದು ಕೊಂಡ ಬಂಡಿ. ಬ್ಯಾಟರಿ ಹೋದರೆ ತಿಂಗಳುಗಟ್ಟಲೆ ದುಡಿದುದು ಹೋದಂತೆ. ಆತನ ಭಯ ಸುಳ್ಳಲ್ಲ. ಆದರೆ ಕಾಣದ ಭಯವೊಂದು ಅದಕ್ಕಿಂತ ದೊಡ್ಡದು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕವು ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ದೇವರ ಮುಂದಿನ ದೀಪ, ಊದುಬತ್ತಿ, ಒಲೆ, ಬೀಡಿ ಎಲ್ಲವೂ ಅದಕ್ಕೆ ಕಿಡಿಗಳೇ. ಆ ಮನೆಯೊಡತಿಯು ಈ ಮಾತನ್ನು ಕೇಳಿದವಳೇ, "ಹಂಗಾದ್ರ ಪಡಸಾಲಿಗೆ ಇಡ್ರಿ, ಜಾಲರಿ ಬಾಗ್ಲಾ ಹಚ್ಚಿ ಕೀಲಿ ಹಾಕಿದ್ರಾತು" ಎಂದಳು. ಗಾಳಿಯಾಡಬೇಕು, ಕಳ್ಳನಿಗೆ ಸಿಗಬಾರದು. ಎರಡೂ ಒಂದೇ ಮಾತಿನಲ್ಲಿ ಬಗೆಹರಿದವು.

ಉಳಿದ ಎಚ್ಚರಗಳನ್ನು ಮನೆಯವರೆಲ್ಲರೂ ಅರಿತಿರಬೇಕು. ಮೊದಲು ಚಾರ್ಜರನ್ನು ಬ್ಯಾಟರಿಗೆ ಜೋಡಿಸಿ ಆಮೇಲೆ ಗೋಡೆಯ ಸ್ವಿಚ್ಚನ್ನು ಒತ್ತಬೇಕು. ಬಿಚ್ಚುವಾಗ ಮೊದಲು ಸ್ವಿಚ್ಚನ್ನು ಆರಿಸಬೇಕು. ಹೀಗೆ ಮಾಡಿದರೆ ಬ್ಯಾಟರಿಯ ಬಾಯಲ್ಲಿ ಕಿಡಿ ಹಾರುವುದಿಲ್ಲ. ಕೈಯ ಬಳೆ, ಉಂಗುರಗಳನ್ನು ತೆಗೆದಿಡಬೇಕು. ಎರಡು ತುದಿಗಳಿಗೆ ಲೋಹ ತಗುಲಿದರೆ ಕೆಂಡದಂತೆ ಕಾಯುತ್ತದೆ. ಆಮ್ಲವು ಕಣ್ಣಿಗೆ ಸಿಡಿದರೆ ಕಾಲುಗಂಟೆಯಾದರೂ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಓಡಬೇಕು. ಈಚೆಗೆ ಬಂದ ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರು ಬೇಕು. ಸೀಸದ ಬ್ಯಾಟರಿಯ ಚಾರ್ಜರನ್ನು ಅದಕ್ಕೆ ಹಚ್ಚುವುದು ಬೆಂಕಿಯೊಡನೆ ಆಟ. ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಬಾರದು. ಸೀಸವು ಮಕ್ಕಳ ಬುದ್ಧಿಬೆಳವಣಿಗೆಗೇ ಮುಳುವಾಗುವ ವಿಷ. ಹಳೆಯದನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅಂಗಡಿಗೆ ಮರಳಿಸಿದರೆ ಒಂದಿಷ್ಟು ಹಣವೂ ಕೈಗೆ ಬರುತ್ತದೆ.

ನಮ್ಮ ನಗರಗಳ ಮನೆಗಳಲ್ಲಿಯೂ ಇನ್ವರ್ಟರಿನ ಹೆಸರಿನಲ್ಲಿ ಇದೇ ಸೀಸದ ಬ್ಯಾಟರಿಯು ಮೆಟ್ಟಿಲಿನ ಕೆಳಗೆ ಕುಳಿತಿರುತ್ತದೆ. ಅದರ ನೀರನ್ನು ಕಡೆಯ ಬಾರಿ ನೋಡಿದುದು ಯಾವಾಗ, ಅದರ ಸುತ್ತ ಗಾಳಿಯಾಡುವುದೇ, ಅದರ ಪಕ್ಕದಲ್ಲಿ ಹಳೆಯ ಪತ್ರಿಕೆಗಳ ರಾಶಿಯೇನಾದರೂ ಇದೆಯೇ ಎಂಬುದನ್ನು ಓದುಗರು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಎದ್ದು ನೋಡುವುದು ಒಳ್ಳೆಯದು.