ಮೀಟರ್ ಹೇಳಿದ್ದನ್ನು ಕಾಗದ ಕೇಳಲಿಲ್ಲ

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಹಿಡಿದವರಿಗೆ ಮೊದಲು ತಟ್ಟುವ ಬಿಸಿ ಫಿಲ್ಮಿನ ಬೆಲೆಯದು. ಅದಕ್ಕೊಂದು ಹಳೆಯ ಉಪಾಯವಿದೆ: ಫಿಲ್ಮಿನ ಜಾಗದಲ್ಲಿ ಪ್ರಿಂಟ್ ಹಾಕುವ ಕಪ್ಪು-ಬಿಳುಪು ಕಾಗದವನ್ನೇ ತುಂಬುವುದು. 8×10 ಇಂಚಿನ ಹಾಳೆಯನ್ನು ಕೆಂಪು ದೀಪದಡಿ ನಾಲ್ಕಾಗಿ ಕತ್ತರಿಸಿ, ಅಂಚು ಒಂದೆರಡು ಮಿಲಿಮೀಟರ್ ಸವರಿದರೆ 4×5 ಹೋಲ್ಡರ್‌ನಲ್ಲಿ ಸರಾಗವಾಗಿ ಕೂರುತ್ತದೆ. ಚಿತ್ರ ತೆಗೆದು ತೊಳೆದರೆ ಅದೇ ನೆಗೆಟಿವ್. ಅದನ್ನು ಇನ್ನೊಂದು ಕಾಗದದ ಮೇಲೆ ಬೋರಲು ಹಾಕಿ, ಗಾಜು ಹೇರಿ, ಬೆಳಕು ಹಾಯಿಸಿದರೆ ಪ್ರಿಂಟ್ ಸಿದ್ಧ.

ನಾನೂ ಮನೆಯ ತಾರಸಿಯ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಇದನ್ನು ಪಳಗಿಸಿಕೊಂಡೆ. ಕಾಗದದ ವೇಗ ಐಎಸ್‌ಒ 6ರ ಆಸುಪಾಸು. ಮಲ್ಟಿಗ್ರೇಡ್ ಕಾಗದಕ್ಕೆ ನೀಲಿ ಬೆಳಕು ಹೆಚ್ಚು ಬಿದ್ದಷ್ಟೂ ಚಿತ್ರ ಸುಣ್ಣ-ಮಸಿಯಾಗಿ ಒಡೆಯುತ್ತದೆ. ಹಾಗಾಗಿ ಲೆನ್ಸಿಗೆ ಹಳದಿ ಫಿಲ್ಟರ್, ಅದಕ್ಕೆಂದು ಒಂದು ಸ್ಟಾಪ್ ಹೆಚ್ಚುವರಿ ಬೆಳಕು. ಡೆವಲಪರ್ ತೆಳುವಾಗಿರಬೇಕು. ಇಷ್ಟು ಕೈಗೆ ಹತ್ತಿದ್ದೇ ತಡ, ವಿದ್ಯೆ ಪೂರ್ತಿಯಾಯಿತೆಂದುಕೊಂಡು ತೀರ್ಥಹಳ್ಳಿಯ ಸೋದರತ್ತೆಗೆ ಫೋಟೊ ತೆಗೆದುಕೊಡುತ್ತೇನೆಂದು ಮಾತು ಕೊಟ್ಟೆ.

ಅತ್ತೆ ಕೆಂಪು ರೇಷ್ಮೆ ಸೀರೆ ಉಟ್ಟು, ಕೆನ್ನೆಗೆ ಅರಿಶಿನ, ಹಣೆಗೆ ಅಗಲ ಕುಂಕುಮವಿಟ್ಟು ಪಡುವಣ ಜಗಲಿಯಲ್ಲಿ ಕೂತರು. ಸಂಜೆಯ ಹೊಂಬಿಸಿಲು ಓರೆಯಾಗಿ ಮುಖದ ಮೇಲೆ ಬೀಳುತ್ತಿತ್ತು. ಮೀಟರಿನ ಲೆಕ್ಕಕ್ಕೆ ಫಿಲ್ಟರಿನದನ್ನೂ ಸೇರಿಸಿ ತಂದಿದ್ದ ಹಾಳೆಗಳನ್ನೆಲ್ಲ ಅದೇ ಲೆಕ್ಕದಲ್ಲಿ ಮುಗಿಸಿದೆ. ಪ್ರತಿ ಸಲವೂ ಅತ್ತೆ ರೆಪ್ಪೆ ಮಿಟುಕಿಸದೆ ಕೂತಿದ್ದರು.

ಬೆಂಗಳೂರಿಗೆ ಬಂದು ತೊಳೆದರೆ ನೆಗೆಟಿವ್‌ನಲ್ಲಿ ಮುಖವಿರಬೇಕಾದ ಕಡೆ ಬಿಳಿ ಕಾಗದ. ಎಳೆದು ಎಳೆದು ಪ್ರಿಂಟ್ ಮಾಡಿದ್ದನ್ನು ನೋಡಿ ಅತ್ತೆ, "ಇದೇನೋ ಮಾರಾಯ, ಬಚ್ಚಲ ಒಲೆ ಊದಿ ಎದ್ದು ಬಂದವಳ ಹಾಗಿದೀನಲ್ಲೋ!" ಎಂದರು. ಕುಂಕುಮ ಇದ್ದಲಾಗಿತ್ತು, ಅರಿಶಿನ ಕೆನ್ನೆಯ ಮಸಿಯಾಗಿತ್ತು, ಸೀರೆಯ ಒಂದು ಮಡಿಕೆಯೂ ಕಾಣುತ್ತಿರಲಿಲ್ಲ.

ಮೀಟರ್ ಸುಳ್ಳು ಹೇಳಿರಲಿಲ್ಲ. ಅದು ಎಲ್ಲ ಬಣ್ಣದ ಬೆಳಕನ್ನೂ ಎಣಿಸುತ್ತದೆ. ಕಾಗದಕ್ಕೆ ಕಾಣುವುದು ನೀಲಿ ಮತ್ತು ಹಸಿರು ಮಾತ್ರ. ಕೆಂಪು ದೀಪದಡಿ ಅದನ್ನು ಕತ್ತರಿಸಲು ಬರುವುದೇ ಆ ಕುರುಡಿನಿಂದ. ಸಂಜೆಯ ಬಿಸಿಲಲ್ಲಿ ನೀಲಿ ಮೊದಲೇ ಕಡಿಮೆ, ಉಳಿದದ್ದನ್ನೂ ನನ್ನ ಹಳದಿ ಫಿಲ್ಟರ್ ತಡೆದಿತ್ತು.

ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. 1854ರಲ್ಲಿ ಬೇಲೂರು, ಹಳೇಬೀಡುಗಳಿಗೆ ಕ್ಯಾಮೆರಾ ತಂದ ಲಿನಿಯಸ್ ಟ್ರೈಪ್ ಬಳಸುತ್ತಿದ್ದದ್ದು ಕಾಗದದ ನೆಗೆಟಿವ್‌ಗಳನ್ನೇ. ಆ ಕಾಲದ ಕಾಗದಕ್ಕೆ ನೀಲಿ ಆಕಾಶ ಬರೀ ಬಿಳಿಯಾಗಿ ಕಾಣುತ್ತಿದ್ದುದರಿಂದ, ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಆತ ಮೋಡಗಳನ್ನು ಕುಂಚದಿಂದ ಬರೆದ. ಇದನ್ನು ಓದಿದ್ದ ನಾನು ಆಕಾಶದ ಮಟ್ಟಿಗೆ ನೆನಪಿಟ್ಟೆ, ಮುಖದ ಮಟ್ಟಿಗೆ ಮರೆತೆ.

ಆದರೂ ಲೆಕ್ಕ ತಪ್ಪಿದ್ದು ಸಣ್ಣ ತಪ್ಪು. ಕಾಗದದ ದೊಡ್ಡ ಗುಣ ಅದರ ಅಗ್ಗದ ಬೆಲೆಯಲ್ಲ. ಕೆಂಪು ದೀಪದಡಿ ಕಣ್ಣಾರೆ ನೋಡುತ್ತ ಒಂದೆರಡು ನಿಮಿಷದಲ್ಲಿ ತೊಳೆಯಬಹುದು ಎಂಬುದು. ಬೀದಿಬದಿಯ ಮಿನಿಟ್ ಕ್ಯಾಮೆರಾದವರು ಬದುಕಿದ್ದೇ ಅದರ ಮೇಲೆ. ಪೆಟ್ಟಿಗೆಯೊಳಗೇ ಕಾಗದ ತೊಳೆದು, ಆ ನೆಗೆಟಿವ್‌ನದೇ ಫೋಟೊ ತೆಗೆದು, ಗಿರಾಕಿ ಎದುರಿಗಿರುವಾಗಲೇ ಚಿತ್ರ ಕೈಗಿಡುತ್ತಿದ್ದರು. ನಾನೋ, ಹಾಳೆ ಅಗ್ಗವೆಂದು ಒಂದರ ಹಿಂದೊಂದು ಖರ್ಚು ಮಾಡಿದೆ, ಮೊದಲನೆಯದನ್ನು ತೊಳೆದು ನೋಡಲಿಲ್ಲ. ಅಗ್ಗವಾಗಿದ್ದದ್ದು ಕಾಗದ, ರೇಷ್ಮೆ ಉಟ್ಟು ಕೂತವರ ಹೊತ್ತಲ್ಲ.

ಮತ್ತೆ ಹೋದಾಗ ಟ್ರೇಗಳನ್ನೂ ಕೆಂಪು ಬಲ್ಬನ್ನೂ ಒಯ್ದೆ. ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿದೆ. ಬೆಳಗಿನ ಹೊತ್ತು ಅತ್ತೆಯನ್ನು ಅಂಗಳದ ನೆರಳಿನಲ್ಲಿ ಕೂರಿಸಿ, ಫಿಲ್ಟರ್ ತೆಗೆದಿಟ್ಟೆ. ಅಲ್ಲಿ ಬರುವುದು ಆಕಾಶದ ಬೆಳಕು, ಅದರಲ್ಲಿ ನೀಲಿ ಧಾರಾಳ. ತೊಳೆದ ಮೊದಲ ಹಾಳೆ ತುಸು ಹೆಚ್ಚೇ ಕಪ್ಪಾಯಿತು. ಬೆಳಕು ಕಡಿಮೆ ಮಾಡಿ ಎರಡನೆಯದನ್ನು ತೆಗೆದೆ. ಕುಂಕುಮ ಈ ಸಲವೂ ಕಪ್ಪೇ, ಆದರೆ ಮುಖ ಅತ್ತೆಯದು.

ಈಗ ಯಾರನ್ನೇ ಕೂರಿಸಲಿ, ಮೊದಲ ಹಾಳೆ ತೊಳೆದು ಬರುವವರೆಗೆ ಒಂದು ಲೋಟ ಕಾಫಿ ಕುಡಿದುಬಿಡಿ ಎನ್ನುತ್ತೇನೆ. ಎರಡನೆಯ ಹಾಳೆಗೆ ಕೂರುವಾಗ ಮುಖದ ಬಿಗಿಯೂ ಸಡಿಲವಾಗಿರುತ್ತದೆ.